ನಾನ ಬೇಕಂತ ಇದ್ದ ಉಪವಾಸ

ಅಲ್ಲಲೇ, ಚರ್ಚಿನ ಫಾದರ್ ಹೇಳಿದ್ದು ತಪ್ಪು ಅಂತ ನಾ ಯಾವಾಗ ಅಂದೆ? ಅವರ ಮಾತು ಕೇಳಲಿಲ್ಲ ಅಂದೆ, ಅಷ್ಟ. ಆಗ ನಾವು ಬಳ್ಳಾರಿಗೆ ಬಂದಿದ್ದಿಲ್ಲ, ಸಿರುಗುಪ್ಪದ ಕಡಿ ದೇಶನೂರಾಗ ಇದ್ವಿ. ನಿಮ್ಮ ತಾತ ಕಾಲು ಮುರ್ಕೊಂಡು ಮಲಗಿದ್ದ, ನಾ ಒಬ್ಬಾಕೀನ ಗದ್ದ್ಯಾಗ ಕಸ ತಗಿಯಾಕ ಹೋಗ್ತಿದ್ದೆ. ಮಧ್ಯಾಹ್ನಕ್ಕ ಒಂದು ರೊಟ್ಟಿ, ಮ್ಯಾಲೆ ಖಾರ, ಎಣ್ಣಿ. ಇಲ್ಲ, ಎಣ್ಣಿ ಎಲ್ಲಿತ್ತು, ಬರೇ ಖಾರ. ಪಾಸ್ಕ ಹಬ್ಬ, ಅದ ಈಸ್ಟರ್, ಅದಕ್ಕ ಮುಂಚೆ ನಲವತ್ತು ದಿನ ತಪಸ್ಸಿನ ಕಾಲ ಬರ್ತೈತಲ್ಲ, ಅದು ಬಂತು. ಶುಕ್ರವಾರ ಉಪವಾಸ ಇರ್ತೀನಿ ಅಂತ ಫಾದರ್‌ಗೆ ಹೇಳಿದ್ರ, ಅವರು ನನ್ನ ಮಾರಿ ನೋಡಿ, "ನಿನಗ್ಯಾಕಮ್ಮ ಉಪವಾಸ? ನೀ ದಿನಾ ಹಸ್ದಾಕೀನ ಇದ್ದಿ, ದೇವರು ಅದನ್ನ ಒಪ್ಕಂತಾನ" ಅಂದ್ರು. ಪಾಪ, ಕರುಣಿಲೇ ಅಂದ್ರು. ನನಗ ಮಾತ್ರ ಮೈ ಉರೀತು ನೋಡು. ಉಂಡು ತಿಂದು ಇದ್ದೋರು ದೇವರಿಗೆ ಅಂತ ಏನಾರ ಬಿಡಬೌದು, ನನಗ ಬಿಡೋ ಹಕ್ಕೂ ಇಲ್ಲೇನು? "ಆ ಹಸಿವು ಬಡತನ ಕೊಟ್ಟಿದ್ದು ಫಾದರ್. ಅದನ್ನ ನಾ ದೇವರಿಗೆ ಹೆಂಗ ಕೊಡ್ಲಿ? ಇದು ನಾನ ಬೇಕಂತ ಇರೋದು" ಅಂದೆ. ಅಂದು ಬಂದ್ಬಿಟ್ಟೆ.

ಶುಕ್ರವಾರ ರೊಟ್ಟಿ ಒಯ್ದು ಹುಲಿಗೆಮ್ಮಗ ಕೊಟ್ಟೆ, ನನ್ನ ಜೋಡಿ ಕಸ ತಗಿಯಾಕಿ ಆಕಿ. ಬದುವಿನ ಮ್ಯಾಲೆ ಕಣ್ಣು ಮುಚ್ಚಿ ಪ್ರಾರ್ಥನಿಗೆ ಕುಂತೆ. ಸುಳ್ಳು ಯಾಕ ಹೇಳ್ಲಿ, ದೇವರ ನೆಪ್ಪು ಬರಲಿಲ್ಲ, ರೊಟ್ಟಿ ನೆಪ್ಪ ಬಂತು. ಆಕಿ ಅಗಿಯೋ ಸಪ್ಪಳ ಕೇಳಿ ಸಿಟ್ಟು ಬಂತು. ಮುಂದಿನ ಶುಕ್ರವಾರನೂ ಅದ, ಅದರ ಮುಂದಿನದೂ ಅದ. ನಮ್ಮತ್ತಿ, ಗೊತ್ತಲ್ಲ, ಬಾಯಿ ಜೋರು, ಸಾಕು ಮಾಡು ನಿನ್ನ ಭಕ್ತಿ ಅಂದ್ಲು. ಬಿಡಲಿಲ್ಲ ನಾ. ಆಮ್ಯಾಕ ಒಂದು ಗುರುವಾರ ಸಾಹುಕಾರ್ರ ಮನ್ಯಾಗ ಯಾವುದೋ ಕಾರ್ಯ, ಆಳುಗಳಿಗೆಲ್ಲ ಹೋಳಿಗಿ ಊಟ. ಹಂಗ ಉಂಡು ವರ್ಷಾನುಗಟ್ಲೆ ಆಗಿತ್ತು. ಹೊಟ್ಟಿ ಬಿರಿಯಂಗ ಉಂಡೆ, ಮನಿಗೆ ಬಂದು ಗ್ವಾಡಿಗೆ ಒರಗಿ ಕುಂತೆ. ಕುಂತ್ರ, ಇನ್ನೂ ಹಸಿವು. ಹೊಟ್ಟ್ಯಾಗಲ್ಲ. ಯಪ್ಪಾ, ನೀ ಬೇಕು ನನಗ ಅಂತ ಅಳು ಬಂತು. ರೊಟ್ಟಿ ಬೇಡಲಿಲ್ಲ, ನಿಮ್ಮ ತಾತನ ಕಾಲು ನೆಟ್ಟಗಾಗ್ಲಿ ಅಂತ ಬೇಡಲಿಲ್ಲ. ಆ ದೇವರೇ ಬೇಕಾಗಿದ್ದ.

ಅವತ್ತು ಗೊತ್ತಾತು, ಆ ಹಸಿವು ತಾನಾಗಿ ಹುಟ್ಟಂಗಿಲ್ಲ, ಜಾಗ ಖಾಲಿ ಮಾಡಿ ಕಾಯಬೇಕು. ನಾ ಪ್ರಾರ್ಥನಿಗೆ ಕರದ್ರ ನೀವು, ಮನಸಿಲ್ಲ ಅಜ್ಜಿ ಅಂತೀರಿ. ಊಟಕ್ಕ ಮೊದಲ ತಟ್ಟಿ ತುಂಬ ಮಿರ್ಚಿ ಬಜ್ಜಿ ತಿಂದೋನಿಗೆ ಅನ್ನ ಸೇರ್ತೈತೇನು? ಇಡ್ರಲೇ ಆ ಫೋನು ಕೆಳಗ.