ನ್ಶಿಮಾ ಇಳಿಸುವಷ್ಟು ಹೊತ್ತು

ಸೇರಿರುವ ಎಲ್ಲ ಬಂಧುಗಳಿಗೆ, ಮುಂದಿನ ಸಾಲಿನಲ್ಲಿರುವ ಚಿಪೆಗೊ ಅಕ್ಕನ ಮಕ್ಕಳಿಗೆ, ಅಕ್ಕನ ತಮ್ಮ ಹಬೇನ್ಜು ಅವರಿಗೆ ನನ್ನ ನಮಸ್ಕಾರ. ನಾನು ಹಮೂಂಗಾ. ಚೋಮಾದ ಕೋಳಿ ಸಾಕುವವರ ನಮ್ಮ ವಾಟ್ಸಾಪ್ ಗುಂಪನ್ನು ಅಕ್ಕನ ಜೊತೆ ನಡೆಸಿದವನು. ಜೊತೆ ಎಂದರೆ — ಅವರು ನಡೆಸಿದರು, ನಾನು ಹಿಂದೆ ಹಿಂದೆ ಹೋದೆ.

ಎಂಥ ದಿನಗಳವು! ಅಕ್ಕ ಗುಂಪಿಗೆ ವಾಯ್ಸ್ ಮೆಸೇಜ್ ಕಳಿಸಿದರೆ ಹಿಂದೆ ಹುಂಜದ ಕೂಗು. ಅದಕ್ಕೂ ಗದರಿಕೆ — “ಸುಮ್ನಿರೋ, ನಾನು ಮಾತಾಡ್ತಿಲ್ವಾ?” ನಗುತ್ತಿದ್ದೀರಿ. ನಿಮಗೂ ನೆನಪಿದೆ.

ಯಾರಾದರೂ ತನ್ನದೇ ಮಾಲನ್ನು ಗಿರಾಕಿಯ ಹಾಗೆ ಹೊಗಳಿ ಬರೆದರೆ ನಾವೆಲ್ಲ “ಕಳ್ಳ! ಆಚೆ ಹಾಕಿ!” ಎಂದು ಮುಗಿಬೀಳುತ್ತಿದ್ದೆವು. ಅಕ್ಕ ಮೊದಲು ಅವರಿಗೆ ಫೋನು ಮಾಡುತ್ತಿದ್ದರು. “ನ್ಶಿಮಾ ಮುದ್ದೆ ಒಲೆ ಮೇಲಿದೆ. ನಾನು ತೊಳಸಿ ಇಳಿಸೋದ್ರೊಳಗೆ, ಇದು ನಂದೇ ಅಂತ ನೀನೇ ಬರಿ. ಇಲ್ಲಾಂದ್ರೆ ನಾನು ಬರೀತೀನಿ.” ಎಷ್ಟೋ ಜನ ಬರೆದರು. ಅವರ ಮಾನವೂ ಉಳಿಯಿತು, ಮಾಲೂ ಮಾರಾಟವಾಯಿತು.

ಒಬ್ಬರು ಬರೆಯಲಿಲ್ಲ. ಹಬೇನ್ಜು ಅವರೇ, ಹೇಳಲೇ? — ತಲೆಯಾಡಿಸಿದರು, ಹೇಳುತ್ತೇನೆ.

ಇವರು ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯನ್ನು ತಾವೇ ಮಾಡಿ, “ನಾನೂ ಒಂದು ಕೊಂಡೆ, ಒಂದು ಮೊಟ್ಟೆಯೂ ಕೆಡಲಿಲ್ಲ” ಎಂದು ಗುಂಪಿನಲ್ಲಿ ಬರೆದಿದ್ದರು. ಅಕ್ಕ ಫೋನು ಮಾಡಿದಾಗ ನಾನು ಅಕ್ಕನ ಅಡುಗೆಮನೆಯಲ್ಲೇ ಇದ್ದೆ. “ಅಕ್ಕಾ, ಎಲ್ಲರ ಮುಂದೆ ನನ್ನ ಮಾನ ತೆಗೀಬೇಡ” ಎಂದರು ಇವರು. “ಇನ್ನೂ ಇಳಿಸಿಲ್ಲ ಕಣೋ, ಬರಿ” ಎಂದರು ಅಕ್ಕ. ಫೋನು ಕಟ್ಟಾಯಿತು. ನಿಜ ಹೇಳುತ್ತೇನೆ, ಅವತ್ತು ಅಕ್ಕ ಬಹಳ ಹೊತ್ತು ತೊಳಸಿದರು. ನ್ಶಿಮಾ ತಳ ಹಿಡಿಯಿತು. ಆಮೇಲೆ ಬರೆದರು — “ಪೆಟ್ಟಿಗೆ ಮಾಡಿದವನು ಹಬೇನ್ಜುವೇ. ನನ್ನ ತಮ್ಮ. ನನ್ನ ಹತ್ತಿರವೂ ಒಂದಿದೆ. ಚೆನ್ನಾಗಿದೆ, ಕರೆಂಟು ಹೋದರೆ ಮಾತ್ರ ಬೇಗ ಆರುತ್ತದೆ. ಏನಿದ್ದರೂ ಅವನನ್ನೇ ಕೇಳಿ. ಯಾರೂ ನಗಬೇಡಿ.”

ಯಾರೂ ನಗಲಿಲ್ಲ. ಆದರೆ ಹಬೇನ್ಜು ಅವರು ಅಕ್ಕನ ಮನೆಗೆ ಬರುವುದನ್ನು ಬಿಟ್ಟರು.

“ಫೋನಲ್ಲಿ ಬೈದು ಬಿಟ್ಬಿಡಬಹುದಿತ್ತು ಅಕ್ಕ” ಎಂದೆ ಒಮ್ಮೆ. “ಫೋನಲ್ಲಿ ಕೇಳಿಸ್ಕೊಳ್ಳೋನು ಅವನೊಬ್ಬನೇ. ನಂಬಿದೋರು ಊರೆಲ್ಲಾ ಇದ್ದಾರಲ್ಲೋ” ಎಂದರು. ಅಷ್ಟು ಹೇಳಿ, ಮೆಲ್ಲಗೆ — “ಅವನು ಗುಂಪಲ್ಲಿ ಇದಾನಾ?”

“ಇದಾರೆ ಅಕ್ಕ.”

“ಬಿಟ್ಟು ಹೋಗಿಲ್ವಲ್ಲ, ಸಾಕು.”

ಇದನ್ನು ಎಷ್ಟು ಸಲ ಕೇಳಿದರೋ!

ಗುರುವಾರ ಅಕ್ಕ ತೀರಿಕೊಂಡ ಸುದ್ದಿ ಗುಂಪಿಗೆ ಬಂತು. ನೀವೆಲ್ಲ ಓದಿದ್ದೀರಿ, ಆದರೂ ಓದುತ್ತೇನೆ — “ಚಿಪೆಗೊ ಹೋದಳು. ಅವಳಷ್ಟು ನೇರವಾದ ಮನುಷ್ಯರನ್ನು ನಾನು ಕಂಡಿಲ್ಲ. ಬರೆದವನು ಹಬೇನ್ಜು, ಅವಳ ತಮ್ಮ. ತಮ್ಮನ ಹೊಗಳಿಕೆ ಎಂದು ತಿಳಿದೇ ಓದಿಕೊಳ್ಳಿ.”

ಹಬೇನ್ಜು ಅವರೇ — ನಾನು ಅಕ್ಕನಿಗೆ ರಕ್ತಸಂಬಂಧಿಯಲ್ಲ. ಹೊಗಳಿದರೆ ನನಗೆ ಬರುವುದೂ ಏನಿಲ್ಲ. ಆದ್ದರಿಂದ ಈ ಸಭೆಯ ಮುಂದೆ ಹೇಳುತ್ತೇನೆ: ನೀವು ಬರೆದದ್ದು ನಿಜ.

ಎಲ್ಲರೂ ಏಳೋಣ. ಹಬೇನ್ಜು ಅವರ ಕೈ ಯಾರಾದರೂ ಹಿಡಿದುಕೊಳ್ಳಿ. ಅಕ್ಕನಿಗಾಗಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲೋಣ.