ಕುತ್ತಿಗೆಯ ಸದ್ದು

ನಗುವವರು ನಗಲಿ. ಇದು ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು... ಅವನ ಮುಂದೆ ಮಾತ್ರ ಈ ಮಾತು ಎತ್ತಬೇಡಿ.

ಅವನು ಆಸ್ಪತ್ರೆಯಲ್ಲಿ ಸ್ಕ್ಯಾನ್ ತೆಗೆಯುವವನು. ಆ ರಾತ್ರಿ ಕೆಲಸ ಮುಗಿಸಿ, ಹಾಳುಬಾವಿಯ ಪಕ್ಕದ ದಾರಿಯಲ್ಲಿ ಮನೆಗೆ ಬರುತ್ತಿದ್ದ. ಚಿಕ್ಕಂದಿನಲ್ಲಿ ಅವನಿಗೆ ಪಾಠ ಹೇಳಿದ್ದ ಟೀಚರ್ ತೀರಿಕೊಂಡ ಸುದ್ದಿ ಸಂಜೆ ಬಂದಿತ್ತು.

ಟೀಚರ್‌ಗೆ ನರಗಳ ಕಾಯಿಲೆ. ಮೈಯೇ ತನ್ನ ನರಗಳನ್ನು ಕಚ್ಚುವಂಥದ್ದು. ವರ್ಷಕ್ಕೊಮ್ಮೆ ಬಂದು ಮೆಷಿನ್ನಿನೊಳಗೆ ಮಲಗುವರು. ಇವನು ಮೊದಲು ತಲೆಯ ಚಿತ್ರ, ಆಮೇಲೆ ಕುತ್ತಿಗೆಯ ಚಿತ್ರ ತೆಗೆಯುವನು. ಹೊಸ ಬಿಳಿ ಚುಕ್ಕೆ ಕಂಡರೆ ಡಾಕ್ಟರು ಔಷಧ ಬದಲಿಸುವರು. ಹೋದ ಸಲ ಇವನಿಗೆ ಮನೆಗೆ ಹೋಗುವ ಅವಸರ. ತಲೆಯನ್ನಷ್ಟೇ ತೆಗೆದು, ಕುತ್ತಿಗೆಗೆ ಹಳೇ ಚಿತ್ರವನ್ನೇ ಸೇರಿಸಿಬಿಟ್ಟ.

"ಈ ಸಲ ಕುತ್ತಿಗೆ ಸದ್ದು ಬರ್ಲೇ ಇಲ್ವಲ್ಲಪ್ಪಾ?" ಟೀಚರ್ ಕೇಳಿದ್ದರು. ಚಿತ್ರ ತೆಗೆಯುವಾಗ ಮೆಷಿನ್ನು ತಲೆಗೊಂದು ಸದ್ದು, ಕುತ್ತಿಗೆಗೊಂದು ಸದ್ದು ಮಾಡುತ್ತದೆ; ಮಲಗಿ ಮಲಗಿ ಅವರಿಗೆ ಬಾಯಿಪಾಠವಾಗಿತ್ತು.

"ಬಂತಲ್ಲ ಟೀಚರ್. ನಿಮಗೆ ನಿದ್ದೆ ಹತ್ತಿತ್ತು," ಎಂದ. ನಾಲಿಗೆ ತಡವರಿಸಲೂ ಇಲ್ಲ ನೋಡಿ!

ಎಲ್ಲ ಸರಿಯಿದೆಯೆಂದು ಡಾಕ್ಟರು ಹಳೇ ಔಷಧವನ್ನೇ ಮುಂದುವರಿಸಿದರು. ಚುಕ್ಕೆ ಇದ್ದದ್ದು ಕುತ್ತಿಗೆಯಲ್ಲಿ. ಮೊದಲು ಕೈ ಹೋಯಿತು, ಆಮೇಲೆ ಕಾಲು, ಕೊನೆಗೆ ಉಸಿರು.

ಬಾವಿ ದಾಟುವಾಗ... ಟಕ್. ಟಕ್. ಟಕ್... ಗರ್ರ್... ಟಕ್. ಟಕ್. ಟಕ್... ಗರ್ರ್...

ಬಾವಿಯೊಳಗಿಂದ. ಪಂಪು ಅನ್ನೋಣವೆಂದರೆ ಪಂಪಿಲ್ಲ... ನೀರೇ ಇಲ್ಲ. ಕಿವಿಗೆ ಗುರುತು ಸಿಕ್ಕಿತು. ಕುತ್ತಿಗೆಯ ಸದ್ದು.

"ಟೀಚರ್..." ಪಿಸುಗುಟ್ಟಿದ. "ತಪ್ಪಾಯ್ತು."

"ಅಲ್ಲಾಡ್ಬೇಡಪ್ಪ." ಕಿವಿಯ ಹತ್ತಿರವೇ ದನಿ. ಸಿಟ್ಟಿಲ್ಲ, ಮೆತ್ತಗಿತ್ತು. "ಇನ್ನೊಂದು ಸ್ವಲ್ಪ... ಉಗುಳು ನುಂಗ್ಬೇಡ."

ರೋಗಿಗಳಿಗೆ ಇವನೇ ಹೇಳುತ್ತಿದ್ದ ಮಾತು. ಸದ್ದು ನಿಲ್ಲುವ ತನಕ ಮಿಸುಕದೆ ನಿಂತ.

ಬೆಳಗಾಗುತ್ತಲೇ ಹೋಗಿ ಟೀಚರ್ ಗಂಡನ ಮುಂದೆ ಎಲ್ಲ ಒಪ್ಪಿಕೊಂಡ. ಅವರು ಬೈಯಲಿಲ್ಲ. "ಸದ್ದು ಬರ್ಲಿಲ್ಲ ಅಂತ ಅವಳು ಹೇಳಿದ್ಲು. ನಾನೇ ನಂಬ್ಲಿಲ್ಲ," ಎಂದು ಬಾಗಿಲು ಹಾಕಿಕೊಂಡರು. ನಾಲ್ಕು ಏಟಾದರೂ ಹಾಕಬಾರದಿತ್ತೇ ಎಂದು ಇವನು ಈಗಲೂ ಅಳುತ್ತಾನೆ.

ಅವತ್ತು ಇವನ ಬಲಗೈ ಬೆರಳುಗಳಿಗೆ ಜೋಮು ಹಿಡಿಯಿತು. ಬಿಡಲೇ ಇಲ್ಲ. ಅದೇ ಮೆಷಿನ್ನಿನಲ್ಲಿ ಅವನನ್ನೇ ಮಲಗಿಸಿ ನೋಡಿದರು... ತಲೆ ಚೆನ್ನಾಗಿದೆ, ಕುತ್ತಿಗೆ ಚೆನ್ನಾಗಿದೆ, ಚುಕ್ಕೆ ಒಂದೂ ಇಲ್ಲ. ಡಾಕ್ಟರಿಗೆ ತಲೆಬುಡ ಗೊತ್ತಾಗಲಿಲ್ಲ.

ಸುಳ್ಳು ಅನ್ನಬೇಡಿ. ಇವತ್ತು ಬೆಳಗ್ಗೆಯೂ ಅವನ ಅಂಗಿಗೆ ಗುಂಡಿ ಹಾಕಿಕೊಟ್ಟವನು ನಾನೇ.