ಹಡಗಿನಿಂದ ದೋಣಿಗೆ ಇಳಿಯುವಾಗ

ಈ ಬೀಳ್ಕೊಡುಗೆ ಸಭೆಯ ಅಧ್ಯಕ್ಷರೂ ಹಿರಿಯರೂ ಆದ ಪುಟ್ಟಮಲ್ಲಪ್ಪನವರೇ, ಪ್ರವಾಸಿಗಳೆಲ್ಲರ ಆರೋಗ್ಯ ತಪಾಸಣೆ ಮಾಡಿಕೊಟ್ಟು ಈಗ ಮುಖ್ಯ ಅತಿಥಿಯಾಗಿ ವೇದಿಕೆಯ ಮೇಲಿರುವ ಡಾಕ್ಟರ್ ಸಂಘಮಿತ್ರ ಅವರೇ, ನಮ್ಮ ಪ್ರವಾಸ ಬಳಗವನ್ನು ಕಟ್ಟಿ ನಡೆಸುತ್ತಿರುವ ಚೇತನ್‌ಕುಮಾರ್ ಅವರೇ, ಮುಂದಿನ ವಾರ ಕೊಚ್ಚಿಯಲ್ಲಿ ಹಡಗು ಹತ್ತಿ ಲಕ್ಷದ್ವೀಪದ ಮೂರು ದ್ವೀಪಗಳನ್ನು ಸುತ್ತಿ ಬರಲು ಹೊರಟಿರುವ ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರದ ಬಂಧುಗಳೇ, ಅವರನ್ನು ಕಳಿಸಿಕೊಡಲು ಧೈರ್ಯ ಮಾಡಿರುವ ಮನೆಯವರೇ, ಸಭಿಕರೇ,

ನಾನು ಸುಕನ್ಯ, ಕಂಪಲಾಪುರದವಳು. ಅಲ್ಲಿನ ಮಹಿಳಾ ಹಾಲು ಉತ್ಪಾದಕರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದೆ. ಕಳೆದ ವರ್ಷ ಇದೇ ಬಳಗದ ಮೊದಲ ತಂಡದಲ್ಲಿ ಹೋಗಿ ಬಂದವಳು. ಆ ಅನುಭವದಿಂದ ನಿಮಗೆ ನಾಲ್ಕು ಉಪಯೋಗದ ಮಾತು ಹೇಳಬೇಕೆಂದು ಚೇತನ್‌ಕುಮಾರ್ ಕೇಳಿಕೊಂಡಿದ್ದಾರೆ. ಜೊತೆಗೆ, ಮೇಡಂ ಯಾರನ್ನೂ ಹೆದರಿಸಬೇಡಿ ಎಂದೂ ಹೇಳಿದ್ದಾರೆ. ಹೆದರಿಸುವುದಿಲ್ಲ. ಆದರೆ ಮುಚ್ಚಿಟ್ಟು ಕಳಿಸುವುದೂ ಇಲ್ಲ.

ಮೊದಲು ಸುಲಭದ ವಿಷಯಗಳು. ದ್ವೀಪಗಳಿಗೆ ಹೋಗಲು ಪರವಾನಗಿ ಬೇಕು, ಅದನ್ನು ಚೇತನ್‌ಕುಮಾರ್ ಮಾಡಿಸಿದ್ದಾರೆ. ಅದರ ಜೆರಾಕ್ಸ್ ಪ್ರತಿಯೊಬ್ಬರ ಹತ್ತಿರವೂ ಬೇರೆ ಬೇರೆ ಇರಲಿ. ಗಂಡನ ಜೇಬಿನಲ್ಲಿ ಹೆಂಡತಿಯದು, ಹೆಂಡತಿಯ ಪರ್ಸಿನಲ್ಲಿ ಗಂಡನದು, ಇದು ಬೇಡ. ದೊಡ್ಡ ಬ್ಯಾಗು ಹಡಗಿನಲ್ಲೇ ಉಳಿಯುತ್ತದೆ. ಬೆಳಿಗ್ಗೆ ದ್ವೀಪಕ್ಕೆ ಇಳಿದವರು ಸಂಜೆಯೇ ಹಡಗಿಗೆ ವಾಪಸು ಬರುವುದು. ಆದ್ದರಿಂದ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳು ಸೊಂಟದ ಚೀಲದಲ್ಲಿರಲಿ. ವಾಂತಿಯ ಮಾತ್ರೆಯನ್ನು ಡಾಕ್ಟರ್ ಹೇಳಿದಂತೆ ಹೊರಡುವ ಮುಂಚೆಯೇ ನುಂಗಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ಮಾತ್ರೆಯೂ ಒಳಗೆ ನಿಲ್ಲುವುದಿಲ್ಲ. ಊಟಕ್ಕೆ ಮುದ್ದೆ ಸಿಗುವುದಿಲ್ಲ. ನಮ್ಮ ತಂಡದಲ್ಲಿ ಒಬ್ಬರು ರಾಗಿಹಿಟ್ಟಿನ ಚೀಲವನ್ನೇ ಹೊತ್ತು ತಂದು, ಹಡಗಿನ ಅಡುಗೆಯವರಿಗೆ ಮುದ್ದೆ ಮಾಡುವುದನ್ನು ಕಲಿಸಲು ಹೋಗಿದ್ದರು. ಅಡುಗೆಯವರು ಕೈಮುಗಿದರು. ಆ ಒಬ್ಬರು ಇವತ್ತು ಸಭೆಯಲ್ಲಿದ್ದಾರೆ, ಹೆಸರು ಹೇಳುವುದಿಲ್ಲ.

ಅಕ್ಕತಂಗಿಯರು ಈಗ ಸ್ವಲ್ಪ ಗಮನ ಕೊಡಬೇಕು. ದ್ವೀಪಕ್ಕೆ ಇಳಿಯುವ ದಿನ ಸೀರೆ ಬೇಡ, ಚೂಡಿದಾರ್ ಹಾಕಿಕೊಳ್ಳಿ. ಈ ವಯಸ್ಸಿನಲ್ಲಿ ಚೂಡಿದಾರ್ ಹಾಕಿದರೆ ಊರಿನವರು ಏನಂದುಕೊಂಡಾರು ಎನ್ನಬೇಡಿ. ಊರು ಅಲ್ಲಿಗೆ ಬರುವುದಿಲ್ಲ. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿಗೆ ಪಟ್ಟಿ ಇರುವುದು ಬೇಕು. ಗಾಜಿನ ಬಳೆ ತೆಗೆದಿಡಿ. ಕೈಯಲ್ಲಿ ಏನನ್ನೂ ಹಿಡಿದುಕೊಳ್ಳಬೇಡಿ, ಎರಡು ಕೈಯೂ ಖಾಲಿ ಇರಬೇಕು. ಯಾಕೆ? ಹಡಗು ನಮ್ಮ ಬಸ್ಸಿನ ಹಾಗೆ ನಿಲ್ದಾಣದೊಳಗೆ ಹೋಗಿ ನಿಲ್ಲುವುದಿಲ್ಲ. ದ್ವೀಪದ ಸುತ್ತ ನೀರು ಆಳವಿಲ್ಲದ ಕಾರಣ ದೂರದಲ್ಲಿ, ನಡುಸಮುದ್ರದಲ್ಲೇ ಲಂಗರು ಹಾಕುತ್ತದೆ. ದ್ವೀಪದಿಂದ ಸಣ್ಣ ದೋಣಿಗಳು ಬಂದು ಹಡಗಿನ ಪಕ್ಕಕ್ಕೆ ಒರಗುತ್ತವೆ. ಹಡಗಿನ ಹೊಟ್ಟೆಯಲ್ಲೊಂದು ಬಾಗಿಲು, ಅಲ್ಲಿಂದ ಕಬ್ಬಿಣದ ಏಣಿ, ಏಣಿಯ ಕೆಳಗೆ ದೋಣಿ. ಹಡಗು ಅಲುಗುವುದಿಲ್ಲ, ದೋಣಿ ಮಾತ್ರ ಏರುತ್ತದೆ, ಇಳಿಯುತ್ತದೆ. ದೋಣಿ ಮೇಲಕ್ಕೆ ಬಂದ ಕ್ಷಣದಲ್ಲಿ ಕಾಲಿಡಬೇಕು. ಕೆಳಗಿನ ನಾವಿಕ ಕೈ ಚಾಚಿದರೆ ಹಿಡಿಯಬೇಕು. ಯಾರೇ ಕೈ ಚಾಚಲಿ, ಹಿಡಿಯಬೇಕು. ನಾಚಿಕೆ ಬೇಡ, ಕೋಪ ಬೇಡ, ಇದು ಯಾರ ಕೈ ಎಂದು ನೋಡುವುದಂತೂ ಬೇಡವೇ ಬೇಡ.

ಈ ಕೊನೆಯ ಮಾತನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂದು ಕಂಪಲಾಪುರದವರಿಗೆ ಗೊತ್ತು. ಉಳಿದವರಿಗೂ ಗೊತ್ತಾಗಲಿ.

ಕಳೆದ ವರ್ಷ ನಮ್ಮ ತಂಡದಲ್ಲಿ ಚಾಮುಂಡಮ್ಮ ಎಂಬುವರು ಇದ್ದರು. ನಮ್ಮ ಯಜಮಾನರ ಅಕ್ಕ, ನನಗೆ ಅತ್ತಿಗೆ. ನಮ್ಮ ಬೀದಿಗೇ ಮದುವೆಯಾಗಿ ಬಂದವರು, ನಮ್ಮ ಮನೆಗೂ ಅವರ ಮನೆಗೂ ಒಂದು ಕೂಗಿನ ದೂರ. ನಮ್ಮ ಯಜಮಾನರು ನಟರಾಜು ಅವರಿಗೆ ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡಿದ್ದರು. ಅವರನ್ನು ಎತ್ತಿ ಆಡಿಸಿ ದೊಡ್ಡವರನ್ನಾಗಿ ಮಾಡಿದವರು ಈ ಅಕ್ಕ. ಯಜಮಾನರು ಹೋಗಿ ಎಷ್ಟೋ ವರ್ಷವಾಯಿತು. ಹೊಗೆಸೊಪ್ಪು ಬೇಯಿಸುವ ಕಾಲ, ಹಾಡುಹಗಲು, ಸೊಪ್ಪನ್ನು ಬೇಯಿಸಿ ಒಣಗಿಸುವ ಬ್ಯಾರನ್ನಿನ ಒಲೆಗೆ ಸೌದೆ ಒಟ್ಟುತ್ತಿದ್ದವರು ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕುಳಿತರು. ಆಮೇಲೆ ಏಳಲಿಲ್ಲ. ಹತ್ತಿರ ಇದ್ದವಳು ನಾನೊಬ್ಬಳೇ.

ಹನ್ನೊಂದನೆಯ ದಿನದ ಕಾರ್ಯಕ್ಕೆ ನೆಂಟರೆಲ್ಲ ಸೇರಿದ್ದಾಗ ಅತ್ತಿಗೆ ನನ್ನ ಮುಂದೆ ಬಂದು ನಿಂತು ಹೇಳಿದರು: "ನೀನ್ ಒಂದ್ ಕೂಗ್ ಆಕಿದ್ರೆ ಬೀದಿಗ್ ಬೀದೀನೇ ಓಡ್ ಬತ್ತಿತ್ತು. ನೀನ್ ಕೂಗ್ಲಿಲ್ಲ. ನನ್ ತಮ್ಮನ್ನ ನೀನೇ ಕಳ್ದೆ."

ಅಂದಿನಿಂದ ಅವರು ನನ್ನ ಹತ್ತಿರ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಡೈರಿಗೆ ಹಾಲು ಹಾಕಲು ಬಂದರೆ ಕ್ಯಾನು ಇಟ್ಟು ಗೋಡೆ ನೋಡುತ್ತಿದ್ದರು, ನಾನು ಲೀಟರು ನೋಡುತ್ತಿದ್ದೆ.

ಸಭಿಕರೇ, ಇದನ್ನೆಲ್ಲ ಹೇಳಬೇಕೆಂದು ಮನೆಯಿಂದ ಹೊರಟಿರಲಿಲ್ಲ. ಅತ್ತಿಗೆ ಅಲ್ಲಿ ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ಬೇಡ ಎಂದು ಅವರು ಕೈ ಮಾಡುತ್ತಿಲ್ಲ. ಆದ್ದರಿಂದ ಮುಂದುವರಿಸುತ್ತೇನೆ.

ಕೊಚ್ಚಿಯಲ್ಲಿ ಹಡಗು ಹತ್ತಿದ ಮೇಲೆಯೇ ಗೊತ್ತಾದದ್ದು, ಇಬ್ಬರಿಗೂ ಒಂದೇ ಕೋಣೆ. ಚೇತನ್‌ಕುಮಾರ್ ಪಾಪ, ಒಂದೇ ಮನೆತನದವರು, ಒಬ್ಬರಿಗೊಬ್ಬರು ಆಗುತ್ತಾರೆ ಎಂದುಕೊಂಡು ಹಾಗೆ ಮಾಡಿದ್ದರು. ಬದಲಾಯಿಸಿ ಎಂದು ನಾನು ಕೇಳುವ ಮೊದಲೇ ಅತ್ತಿಗೆ ಕೇಳಿಯಾಗಿತ್ತು. ಬೇರೆ ಮಂಚ ಖಾಲಿ ಇರಲಿಲ್ಲ. ಕೋಣೆ ಎಂದರೆ ಎಷ್ಟು ದೊಡ್ಡದು ಅಂದುಕೊಂಡಿದ್ದೀರಿ? ಒಬ್ಬರು ನಿಂತರೆ ಇನ್ನೊಬ್ಬರು ಮಂಚದ ಮೇಲೆ ಕೂರಬೇಕು. ಅಷ್ಟು ಜಾಗದಲ್ಲಿ ಮಾತಿಲ್ಲದೆ ಇರುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಹೇಳಿಕೊಡಬಲ್ಲೆ. ಅವರು ಬಾತ್‌ರೂಮಿಗೆ ಹೋದಾಗ ನಾನು ಸೀರೆ ಮಡಿಸುವುದು, ನಾನು ಹೊರಗೆ ಹೋದಾಗ ಅವರು ತಲೆ ಬಾಚಿಕೊಳ್ಳುವುದು. ವಾಂತಿ ಮಾಡಿಕೊಂಡದ್ದು ಮಾತ್ರ ಇಬ್ಬರೂ ಒಟ್ಟಿಗೆ. ಆಗಲೂ ಮಾತಿಲ್ಲ.

ಮೊದಲನೆಯ ದ್ವೀಪದಲ್ಲಿ ಸಮುದ್ರ ನಮ್ಮೂರ ಕೆರೆಯಂತೆ ಮಲಗಿತ್ತು. ಯಾರಿಗೂ ಏನೂ ಆಗಲಿಲ್ಲ. ಎಲ್ಲರಿಗೂ ಧೈರ್ಯ ಬಂತು. ಈ ಧೈರ್ಯವನ್ನು ನಂಬಬೇಡಿ ಎಂದು ನನ್ನ ಸಲಹೆ. ಎರಡನೆಯ ದಿನದ ಸಮುದ್ರ ಬೇರೆಯೇ ಆಗಿತ್ತು. ಬಾಗಿಲಿನ ಹತ್ತಿರ ನಿಂತು ನೋಡಿದರೆ ದೋಣಿ ಒಮ್ಮೆ ನಮ್ಮ ಮೊಣಕಾಲಿನ ಮಟ್ಟಕ್ಕೆ ಬರುತ್ತಿತ್ತು, ಮರುಕ್ಷಣ ಬಾವಿಯ ತಳಕ್ಕೆ ಹೋದಂತೆ ಕಾಣುತ್ತಿತ್ತು. ವಯಸ್ಸಾದವರು ಬೇಕಾದರೆ ಹಡಗಿನಲ್ಲೇ ಉಳಿಯಬಹುದು ಎಂದು ಹಡಗಿನವರು ಹೇಳಿದರು. ನಾನು ಇಳಿಯುತ್ತೇನೆ ಎಂದೆ. ಅದನ್ನು ಕೇಳಿದ ಅತ್ತಿಗೆ ಸಾಲಿನಲ್ಲಿ ನನಗಿಂತ ಮುಂದೆ ಹೋಗಿ ನಿಂತರು. ಸೀರೆಯಲ್ಲೇ ಇದ್ದರು.

ಲೈಫ್ ಜಾಕೆಟ್ ಹಾಕಿಕೊಂಡೇ ಇಳಿಯಬೇಕು. ಅದಕ್ಕೆ ಎದೆಯ ಹತ್ತಿರ ಪಟ್ಟಿ, ಸೊಂಟದ ಹತ್ತಿರ ಇನ್ನೊಂದು ಪಟ್ಟಿ. ಉಸಿರುಕಟ್ಟುತ್ತದೆ ಎಂದು ಅತ್ತಿಗೆ ಸೊಂಟದ ಪಟ್ಟಿಯನ್ನು ಬಿಚ್ಚಿ ನೇತುಬಿಟ್ಟಿದ್ದರು. ಸಾಲಿನಲ್ಲಿ ನಾನು ಅವರ ಹಿಂದೆ ಇದ್ದೆ. ನೋಡಿದೆ. ಹೇಳೋಣವೇ? ಹೇಗೆ ಹೇಳಲಿ? ಕೊನೆಗೆ ಕೈ ಹಾಕಿ ಎರಡು ತುದಿಯನ್ನೂ ಎಳೆದು ಬಿಗಿಯಾಗಿ ಕಟ್ಟಿದೆ. ಅವರು ತಿರುಗಿ ನೋಡಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ಬೆನ್ನು ಮಾತ್ರ ಸೆಟೆದುಕೊಂಡಿತು. ಆಮೇಲೆ ನಾನು ಅವರನ್ನು ದಾಟಿ ಮೊದಲು ಇಳಿದೆ, ಕೆಳಗೆ ಒಬ್ಬರಾದರೂ ನಮ್ಮವರು ಇರಲಿ ಎಂದು.

ನಾನು ದೋಣಿಯಲ್ಲಿ ನಿಂತು ಕೈ ಚಾಚಿದೆ. ನನ್ನ ಪಕ್ಕದಲ್ಲಿ ದ್ವೀಪದ ನಾವಿಕನೂ ಚಾಚಿದ್ದ. ಅತ್ತಿಗೆ ಏಣಿಯ ಕೊನೆಯ ಮೆಟ್ಟಿಲಿನಲ್ಲಿದ್ದರು. ದೋಣಿ ಮೇಲೆ ಬಂತು. ಹತ್ತಿರ ಇದ್ದದ್ದು ನನ್ನ ಕೈ. ಅವರು ನೋಡಿದರು, ನನ್ನ ಕೈಯನ್ನೇ ನೋಡಿದರು, ಆಮೇಲೆ ಆ ಕಡೆಯ ನಾವಿಕನ ಕಡೆ ತಿರುಗಿದರು. ಅಷ್ಟು ಹೊತ್ತು ಸಾಕಾಯಿತು. ದೋಣಿ ಕೆಳಗೆ ಹೋಯಿತು. ಅವರ ಕಾಲು ಸೀರೆಯ ನಿರಿಗೆಗೆ ಸಿಕ್ಕಿ, ಏನೂ ಇಲ್ಲದ ಜಾಗಕ್ಕೆ ಇಳಿಯಿತು. ಹಡಗಿಗೂ ದೋಣಿಗೂ ನಡುವಿನ ನೀರಿನೊಳಗೆ ನಮ್ಮ ಅತ್ತಿಗೆ ಹೋದರು.

ಹಡಗಿನ ಗೋಡೆ ಎಂದರೆ ಕಬ್ಬಿಣ. ಮುಂದಿನ ಅಲೆಗೆ ದೋಣಿ ಆ ಗೋಡೆಗೆ ಬಡಿಯುತ್ತದೆ, ನಡುವೆ ಇರುವುದು ಏನೇ ಆದರೂ ಉಳಿಯುವುದಿಲ್ಲ. ನಾವಿಕರು ಮಲಯಾಳದಲ್ಲಿ ಕೂಗಾಡುತ್ತ ಕೋಲು ಒತ್ತಿ, ಕಾಲು ಒತ್ತಿ ದೋಣಿಯನ್ನು ಆಚೆಗೆ ತಳ್ಳಿ ಹಿಡಿದರು. ಒಬ್ಬ ನೀರಿಗೆ ಹಾರಿದ. ಅತ್ತಿಗೆ ಎಲ್ಲೂ ಕಾಣಲಿಲ್ಲ. ಆಮೇಲೆ ಕಿತ್ತಳೆ ಬಣ್ಣದ ಜಾಕೆಟ್ ಮೇಲೆ ಬಂತು, ಅದರೊಳಗೆ ಅವರೂ ಇದ್ದರು. ಅವರ ತಲೆಯ ಬಿಳಿ ಕೂದಲು ಬಿಚ್ಚಿ ನೀರಿನ ಮೇಲೆ ಹರಡಿತ್ತು. ಕಣ್ಣು ತೆರೆದು ಮೇಲೆ ನೋಡುತ್ತಿದ್ದರು. ನಾಲ್ಕಾರು ಜನ ಸೇರಿ ಎಳೆದುಕೊಂಡರು. ಮೊಣಕೈ ತರಚಿತ್ತು, ಸೀರೆ ಅರ್ಧ ಸಮುದ್ರಕ್ಕೆ ಹೋಗಿತ್ತು, ಜೀವ ಇತ್ತು.

ನಮ್ಮಿಬ್ಬರನ್ನೂ ಮತ್ತೆ ಹಡಗಿಗೆ ಹತ್ತಿಸಿ, ಅವರನ್ನು ಹಡಗಿನ ಆಸ್ಪತ್ರೆ ಕೋಣೆಯಲ್ಲಿ ಮಲಗಿಸಿದರು. ಉಳಿದವರು ದ್ವೀಪಕ್ಕೆ ಹೋದರು. ನಾನು ಬಾಗಿಲ ಹೊರಗೆ ಕುಳಿತೆ. ಒಳಗೆ ಹೋಗುವ ಅಧಿಕಾರ ನನಗಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ಮಧ್ಯಾಹ್ನ ನರ್ಸು ಹೊರಗೆ ಬಂದು, ಒಳಗಿನವರು ಕರೆಯುತ್ತಿದ್ದಾರೆ ಎಂದು ಸನ್ನೆ ಮಾಡಿದಳು.

ಅತ್ತಿಗೆ ಕಂಬಳಿ ಹೊದ್ದು ನಡುಗುತ್ತಿದ್ದರು. ಸೂರು ನೋಡುತ್ತಲೇ ಮಾತಾಡಿದರು.

"ನಾನ್ ನೀರಿಂದ ತಲೆ ಎತ್ತುದಾಗ ನಿನ್ ಮೊಕ ಕಂಡ್ತು. ಎಲ್ಲಾರೂ ಕೂಗ್ತಿದ್ರು. ನೀನ್ ಬಾಯ್ ತೆರ್ಕೊಂಡಿದ್ದೆ, ಸೊಲ್ಲೇ ಬತ್ತಿರ್ನಿಲ್ಲ. ಅವತ್ತೂ ಇಂಗೇ ಆಯ್ತಾ ಸುಕನ್ಯ?"

ಅಷ್ಟು ವರ್ಷಗಳಲ್ಲಿ ಆ ದಿನ ಏನಾಯಿತು ಎಂದು ಅವರು ಕೇಳಿರಲಿಲ್ಲ. ಏನಾಗಲಿಲ್ಲ ಎಂಬುದನ್ನಷ್ಟೇ ಹೇಳಿದ್ದರು. ಈಗ ಕೇಳಿದರು. ಹೌದು ಎಂದು ಒಂದು ಮಾತು ಹೇಳಿ ಸುಮ್ಮನಿರಬಹುದಿತ್ತು. ಉಳಿದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವರ ಮೇಲಿನ ಕರುಣೆಯಿಂದ ಹೇಳಲಿಲ್ಲ ಎಂದರೆ ಅರ್ಧ ನಿಜ. ಕೇಳದವರಿಗೆ ಯಾಕೆ ಹೇಳಲಿ ಎಂಬ ಸಿಟ್ಟೂ ಇತ್ತು. ಆದರೆ ಆ ಮುಖ ನೋಡಿ ಸುಮ್ಮನಿರಲು ಆಗಲಿಲ್ಲ.

ಹೌದು ಅತ್ತಿಗೆ, ಸ್ವರ ಬರಲಿಲ್ಲ ಎಂದೆ. ಆಮೇಲೆ ಹೇಳಿದೆ: "ಅವ್ರು ಒಂದೇ ಮಾತು ಆಡಿದ್ದು. 'ಅಕ್ಕನ್ನ ಕರಿ' ಅಂದ್ರು. ನಾನ್ ನಿಮ್ಮನೆಗೆ ಓಡ್ ಬಂದೆ. ಬೀಗ ಆಕಿತ್ತು."

ಅವರು ಆ ದಿನ ಸಾಲಿಗ್ರಾಮಕ್ಕೆ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದರು. ನಾನು ವಾಪಸು ಓಡಿ ಬರುವಷ್ಟರಲ್ಲಿ ಜಗಲಿಯ ಮೇಲೆ ಎಲ್ಲ ಮುಗಿದಿತ್ತು.

ಅತ್ತಿಗೆ ಗೋಡೆಯ ಕಡೆ ತಿರುಗಿಕೊಂಡರು. ಎಷ್ಟು ಹೊತ್ತಾದರೂ ಅಲುಗಲಿಲ್ಲ. ನನಗೆ ಭಯವಾಯಿತು. ಸಮುದ್ರ ಬಿಟ್ಟುಕೊಟ್ಟವರನ್ನು ನಾನು ಮಾತಿನಿಂದ ಕೊಂದೆನೇ? ಡಾಕ್ಟರನ್ನು ಕರೆಯಲೇ? ಎದ್ದು ನಿಂತೆ. ಆಗ ಗೋಡೆಯ ಕಡೆಯಿಂದಲೇ ಕೇಳಿದರು.

"ಬಾಗ್ಲು ಬಡುದ್ಯಾ?"

"ಬಡುದೆ ಅತ್ತಿಗೆ. ಬೀಗ ಕಾಣ್ತಿದ್ರೂ ಬಡುದೆ."

ಅವರು ಅತ್ತರು. ನಾನೂ ಅತ್ತೆ. ನರ್ಸು ಒಳಗೆ ಬಂದು ನೋವೇ ಎಂದು ಕೇಳಿದಳು. ಅಷ್ಟು ಮಲಯಾಳ ಇಬ್ಬರಿಗೂ ಅರ್ಥವಾಯಿತು, ಇಬ್ಬರೂ ಹೌದೆಂದು ತಲೆಯಾಡಿಸಿದೆವು. ಅವಳು ಇಬ್ಬರಿಗೂ ಒಂದೊಂದು ಮಾತ್ರೆ ಕೊಟ್ಟುಹೋದಳು.

ಮೂರನೆಯ ದ್ವೀಪದ ಬಗ್ಗೆ ಮಾತ್ರ ನಾನು ಯಾವ ಸಲಹೆಯನ್ನೂ ಕೊಡಲಾರೆ. ನಾವಿಬ್ಬರೂ ಇಳಿಯಲಿಲ್ಲ. ದುಂಡನೆಯ ಕಿಟಕಿಯಿಂದ ಹಸಿರು ಗೆರೆಯಂತೆ ಕಂಡಿತು, ಅಷ್ಟೇ. ಚೆನ್ನಾಗಿದೆಯಂತೆ.

ಊರಿಗೆ ಬಂದ ಮರುದಿನ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಗೇಟಿನ ಸದ್ದಾಯಿತು. ಅತ್ತಿಗೆ ನಮ್ಮ ಅಂಗಳಕ್ಕೆ ಬಂದಿದ್ದರು. ಮನೆಯೊಳಗೆ ಬರಲಿಲ್ಲ, ನೇರ ಬ್ಯಾರನ್ನಿನ ಕಡೆ ನಡೆದರು. ನಾನು ಹಿಂದೆ ಹೋದೆ. ಅವನು ಎಲ್ಲಿ ಕುಳಿತಿದ್ದ ಎಂದು ಕೇಳಿದರು. ತೋರಿಸಿದೆ. ಒಲೆಯ ಬಾಯಿಯ ಪಕ್ಕದ ಜಗಲಿಯನ್ನು ಸೆರಗಿನಿಂದ ಒರೆಸಿ, ಅಲ್ಲೇ ಕುಳಿತರು. ಸ್ವಲ್ಪ ಸರಿದು ನನಗೂ ಜಾಗ ಮಾಡಿದರು.

"ಕುಂತ್ಕೊ. ಮೊದ್ಲಿಂದ ಯೋಳು," ಎಂದರು.

ಅವರ ತಮ್ಮ ಹೋದ ದಿನ ಬೆಳಿಗ್ಗೆ ತಿಂದ ರೊಟ್ಟಿಯಿಂದ ನಾನು ಶುರು ಮಾಡಿದೆ.

ಹೇಳಬೇಕಾದ್ದಕ್ಕಿಂತ ಹೆಚ್ಚು ಹೇಳಿದೆನೇನೋ, ಚೇತನ್‌ಕುಮಾರ್ ಮನ್ನಿಸಬೇಕು. ನನ್ನ ಮಾತಿಗೆ ಇಷ್ಟು ಹೊತ್ತು ಕಿವಿಗೊಟ್ಟ ಅಧ್ಯಕ್ಷರಿಗೂ ಅತಿಥಿಗಳಿಗೂ ಋಣಿ. ಹೊರಟಿರುವ ನಿಮ್ಮೆಲ್ಲರ ಪ್ರಯಾಣ ನೆಮ್ಮದಿಯಾಗಿ ಸಾಗಲಿ, ಸಮುದ್ರ ನಿಮ್ಮ ಮೇಲೆ ಮುನಿಯದಿರಲಿ. ಎಲ್ಲರಿಗೂ ನನ್ನ ನಮಸ್ಕಾರ.